ತಲೆಯ ಮೇಲಿನ ನಾಲ್ಕು ಕ್ಲಿಪ್ಪು

ಎಕ್ಸ್-ರೇ ಕೋಣೆಗೆ ಬಂದ ಪ್ರತಿಯೊಬ್ಬರಿಗೂ ನಾನು ಹೇಳುತ್ತಿದ್ದ ಮೊದಲ ಮಾತು ಒಂದೇ: "ಮೈಮ್ಯಾಲೆ ಲೋಹದ ಸಾಮಾನು ಏನಿದ್ರೂ ತೆಗೆದಿಡ್ರಿ." ಸರ, ಓಲೆ, ಉಡಿದಾರ, ತಾಯಿತ, ಜೇಬಿನ ಬೀಗದ ಕೈ, ಹೇರ್‌ಪಿನ್ನು. ಮೂವತ್ತಮೂರು ವರ್ಷ ಈ ಮಾತು ಹೇಳಿದೆ. ಹೇಳುತ್ತಿದ್ದವನ ತಲೆಯ ಮೇಲೆ ಮಾತ್ರ ನಾಲ್ಕು ಸ್ಟೀಲ್ ಕ್ಲಿಪ್ಪುಗಳಿದ್ದವು. ನನ್ನ ವಿಗ್ಗನ್ನು ಹಿಡಿದಿಟ್ಟಿದ್ದ ಕ್ಲಿಪ್ಪುಗಳವು. ನಿವೃತ್ತನಾದ ಮೇಲೆ ವಿಗ್ಗನ್ನು ತೆಗೆದಿಟ್ಟಿದ್ದೇನೆ. ಈಗ ಭರಮಸಾಗರದ ಕೆರೆ ಏರಿಯ ಮೇಲೆ ಸಂಜೆ ಬೋಳು ತಲೆಯಲ್ಲೇ ಓಡಾಡುತ್ತೇನೆ. ಮೊದಮೊದಲು ನನ್ನ ಗುರುತೇ ಹತ್ತದೆ ಎಷ್ಟೋ ಜನ ನಮಸ್ಕಾರ ಹೇಳದೆ ಮುಂದೆ ಹೋದರು.

ನನ್ನ ಕೈಕೆಳಗೆ ಕೆಲಸ ಕಲಿತ ಒಬ್ಬಾಕೆ ಈಗ ಚಿತ್ರದುರ್ಗದಲ್ಲಿ ಸ್ಕ್ಯಾನಿಂಗ್ ವಿಭಾಗ ನೋಡಿಕೊಳ್ಳುತ್ತಾಳೆ. "ಸಾರ್, ಹೊಸಬರು ಮಷಿನ್ ಬಗ್ಗೆ ನಮಗಿಂತ ಚೆನ್ನಾಗಿ ತಿಳ್ಕಂಡಿರ್ತಾರೆ. ಮನುಷ್ಯರ ಬಗ್ಗೆ ಏನಾದ್ರೂ ಬರೆದುಕೊಡ್ರಿ" ಎಂದು ಕೇಳಿದಳು. ಎಲ್ಲಿ ಸೇರಿದೆ, ಯಾವಾಗ ಸೀನಿಯರ್ ಆದೆ ಎಂಬುದೆಲ್ಲ ಯಾರಿಗೂ ಬೇಡದ ಪುರಾಣ. ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು, ಕೊನೆಗೆ ಚಿತ್ರದುರ್ಗ ಎಂದು ನಾಲ್ಕು ಊರಿನ ಖಾಸಗಿ ಆಸ್ಪತ್ರೆಗಳಲ್ಲಿ ದುಡಿದೆ. ಅವುಗಳ ಹೆಸರು ಹೇಳುವುದಿಲ್ಲ. ಜನರ ಹೆಸರನ್ನೂ ಬದಲಾಯಿಸಿದ್ದೇನೆ. ತಪ್ಪುಗಳು ನನ್ನವು, ಅವನ್ನು ಮಾತ್ರ ಇದ್ದಂತೆಯೇ ಬರೆಯುತ್ತೇನೆ.

ಇಪ್ಪತ್ತೇಳನೆಯ ವಯಸ್ಸಿಗೆ ನನ್ನ ನಡುನೆತ್ತಿ ಬಯಲಾಯಿತು. ಊರಿನ ಗೆಳೆಯರು "ಏನಪ್ಪ ಬೋಳಪ್ಪ" ಎಂದು ಕರೆಯತೊಡಗಿದರು. ನನಗೆ ತಮಾಷೆ ಮಾಡಲು ಬರುತ್ತದೆ, ಮಾಡಿಸಿಕೊಳ್ಳಲು ಬರುವುದಿಲ್ಲ. ಅದು ನನ್ನ ಹುಟ್ಟುಗುಣ. ಒಂದು ಭಾನುವಾರ ಯಾರಿಗೂ ಹೇಳದೆ ದಾವಣಗೆರೆಗೆ ಹೋಗಿ ವಿಗ್ಗು ಹಾಕಿಸಿಕೊಂಡು ಬಂದೆ. ಊರು ಹೇಗೂ ಬಿಟ್ಟಾಗಿತ್ತು. ಹೊಸದುರ್ಗದಲ್ಲಿ ಹೊಸ ಕೆಲಸ, ಹೊಸ ಜನ, ಹೊಸ ತಲೆ.

ಅಂದಿನಿಂದ ನೆಮ್ಮದಿ ಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ನಾನು ತಲೆ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಯಾವ ಕೋಣೆಗೆ ಹೋದರೂ ಮೊದಲು ಫ್ಯಾನು ಎಲ್ಲಿದೆ ಎಂದು ಕಣ್ಣಾಡಿಸುತ್ತಿದ್ದೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರುತ್ತಿರಲಿಲ್ಲ. ಹಿಂದಿನಿಂದ ಯಾರಾದರೂ ನಕ್ಕರೆ ಅದು ನನ್ನನ್ನು ನೋಡಿಯೇ ಎಂದು ಬೆವರುತ್ತಿದ್ದೆ. ಬೆವರಿದರೆ ವಿಗ್ಗು ಸಡಿಲವಾಗುತ್ತದೆ, ಸಡಿಲವಾದೀತೆಂಬ ಭಯಕ್ಕೆ ಇನ್ನಷ್ಟು ಬೆವರು. ನನ್ನ ಹೆಂಡತಿಗೆ ಮದುವೆಯಾದ ವಾರಕ್ಕೆ ಹೇಳಿದೆ. ಆಕೆ, "ನಿಮ್ಮ ತಲೆ, ನಿಮ್ಮಿಷ್ಟ" ಎಂದು ಒಂದೇ ಮಾತಿನಲ್ಲಿ ಮುಗಿಸಿದಳು. ಬೇರೆ ಯಾರಿಗೂ ಹೇಳಲಿಲ್ಲ.

ನನ್ನನ್ನು ಕಾಪಾಡಿದ್ದು ಡಾರ್ಕ್‌ರೂಮು. ಈಗಿನವರು ಅದನ್ನು ನೋಡಿಯೇ ಇಲ್ಲ, ಆದ್ದರಿಂದ ಹೇಳುತ್ತೇನೆ. ಆಗ ಫಿಲ್ಮನ್ನು ಕ್ಯಾಸೆಟ್ ಎಂಬ ಚಪ್ಪಟೆ ಪೆಟ್ಟಿಗೆಯಲ್ಲಿಟ್ಟು ಫೋಟೊ ತೆಗೆಯುವುದು, ಆಮೇಲೆ ಕತ್ತಲೆ ಕೋಣೆಯ ಕೆಂಪು ದೀಪದಲ್ಲಿ ಡೆವಲಪರ್ ತೊಟ್ಟಿಗೆ, ನೀರಿಗೆ, ಫಿಕ್ಸರ್ ತೊಟ್ಟಿಗೆ ಅದ್ದುವುದು, ಕೊನೆಗೆ ಬಟ್ಟೆ ಒಣಹಾಕಿದಂತೆ ತೂಗುಹಾಕಿ ಒಣಗಿಸುವುದು. ನಡುವೆ ಯಾರಾದರೂ ಬಾಗಿಲು ತೆಗೆದರೆ ಫಿಲ್ಮು ಹಾಳು. ಹೀಗಾಗಿ ಆ ಬಾಗಿಲಿನ ಅಗುಳಿ ಹಾಕಿಕೊಳ್ಳುವ ಹಕ್ಕು ಇಡೀ ಆಸ್ಪತ್ರೆಯಲ್ಲಿ ನನಗೊಬ್ಬನಿಗೇ ಇತ್ತು. ಒಳಗೆ ಹೋದವನೇ ವಿಗ್ಗು ತೆಗೆದು ಫಿಲ್ಮಿನ ಪಕ್ಕದ ಕೊಕ್ಕೆಗೆ ತೂಗುಹಾಕಿ, ನೆತ್ತಿಗೆ ಗಾಳಿ ಬೀಸಿಕೊಂಡು ಹಾಯಾಗಿ ಕೆಲಸ ಮಾಡುತ್ತಿದ್ದೆ. ಹೊರಗಿನವರು, "ತಿಪ್ಪೇಸ್ವಾಮಿ ಕೆಲಸದಲ್ಲಿ ಭಾಳ ಶ್ರದ್ಧೆ, ಡಾರ್ಕ್‌ರೂಮ್ ಬಿಟ್ಟು ಬರಲ್ಲ" ಎಂದು ಹೊಗಳುತ್ತಿದ್ದರು. ಬಹಳ ವರ್ಷದ ಮೇಲೆ ದುರ್ಗದಲ್ಲಿ ಡಿಜಿಟಲ್ ಮಷಿನ್ ಬಂದು, ಡಾರ್ಕ್‌ರೂಮು ಒಡೆದು ಸ್ಟೋರು ಮಾಡಿದಾಗ ಎಲ್ಲರೂ ಸಿಹಿ ಹಂಚಿದರು. ನಾನೊಬ್ಬ ಮಾತ್ರ ಯಾರೋ ಹತ್ತಿರದವರು ತೀರಿಕೊಂಡವನಂತೆ ಕೂತಿದ್ದೆ.

ಆ ಡಾರ್ಕ್‌ರೂಮಿನಲ್ಲೇ ಒಮ್ಮೆ ಎದೆ ಒಡೆದುಹೋಗುವಂಥದ್ದು ನಡೆಯಿತು. ಕೈ ತಗುಲಿ ಕೊಕ್ಕೆಯಲ್ಲಿದ್ದ ವಿಗ್ಗು ಫಿಕ್ಸರ್ ತೊಟ್ಟಿಗೆ ಬಿತ್ತು. ಕೆಂಪು ಬೆಳಕಿನಲ್ಲಿ ಅದು ತೇಲುತ್ತಿದ್ದುದನ್ನು ಕಂಡು ಸತ್ತ ಇಲಿಯೆಂದುಕೊಂಡು ಕಿರುಚಿದೆ. ಹೊರಗಿನಿಂದ ಆಯಾ ಬಾಗಿಲು ಬಡಿದಳು. "ಏನಾತ್ರಿ ಅಣ್ಣಾ? ಕರೆಂಟ್ ಹೊಡೀತೇನ್ರಿ?" ನಾನು ಒಳಗಿನಿಂದಲೇ, "ಏನಿಲ್ಲವ್ವ, ಫಿಲ್ಮು ಐತೆ, ತೆಗೀಬ್ಯಾಡ" ಎಂದೆ. ಅವತ್ತು ತಲೆಗೆ ಟವೆಲು ಸುತ್ತಿ, ಹಲ್ಲುನೋವೆಂದು ದವಡೆ ಹಿಡಿದುಕೊಂಡು ಮನೆಗೆ ಹೋದೆ. ಎಷ್ಟು ತೊಳೆದರೂ ವಿಗ್ಗಿನ ಹುಳಿ ವಾಸನೆ ಎರಡು ತಿಂಗಳು ಹೋಗಲಿಲ್ಲ. ಡ್ಯೂಟಿ ಡಾಕ್ಟರು ಪಕ್ಕಕ್ಕೆ ಬಂದಾಗಲೆಲ್ಲ, "ಯಾರ್ರೀ ಇಲ್ಲಿ ಮೊಸರನ್ನ ತಂದಿಟ್ಟೋರು?" ಎಂದು ಮೂಗು ಅರಳಿಸುತ್ತಿದ್ದರು.

ಹೊಳಲ್ಕೆರೆಗೆ ಬಂದ ಮೇಲೆ ಕುರಿ ಸಾಕುವವರ ಮನೆಯ ಒಬ್ಬ ಅಜ್ಜಿ ಬಂದಳು. ಕುತ್ತಿಗೆ ನೋವು. ಎಂದಿನಂತೆ, "ಪಿನ್ನು ಗಿನ್ನು ಇದ್ರೆ ತೆಗೆದಿಡವ್ವ" ಎಂದೆ. ಅಜ್ಜಿ ತುರುಬಿಗೆ ಕೈಹಾಕಿ, ಮೊಳದುದ್ದದ ಚೌರಿಯನ್ನು ಎಳೆದು ತೆಗೆದು ನನ್ನ ಕೈಗೇ ಕೊಟ್ಟುಬಿಟ್ಟಳು.

"ಹಿಡ್ಕಳಪ್ಪ, ಕೆಳಗಿಟ್ರೆ ಮಣ್ಣಾಗ್ತತೆ. ಕೊಂಡಿದ್ದಲ್ಲ, ನನ್ನ ಕೂದ್ಲೇ. ಉದುರಿದ್ದೆಲ್ಲ ಕೂಡಿಟ್ಟು ಕಟ್ಟಿಸಿದ್ದು."

ಬಾಗಿಲು ತೆರೆದೇ ಇತ್ತು. ಬೆಂಚಿನ ಮೇಲೆ ಹತ್ತು ಜನ ಕೂತಿದ್ದರು. ಅವಳಿಗೆ ಅದರ ಪರಿವೆಯೇ ಇಲ್ಲ. ನಾನು ದಂಗಾಗಿ ಚೌರಿ ಹಿಡಿದುಕೊಂಡು ನಿಂತೆ. ಹೆಂಗಸಿನ ಸುಳ್ಳು ಕೂದಲಿಗೆ ನಮ್ಮಲ್ಲೊಂದು ಹೆಸರಿದೆ, ಅಂಗಡಿಯಿದೆ, ಗೌರವವಿದೆ. ಗಂಡಸಿನದಕ್ಕೆ ನಗು ಬಿಟ್ಟರೆ ಬೇರೇನಿಲ್ಲ. ಫೋಟೊ ಮುಗಿದ ಮೇಲೆ ಅಜ್ಜಿ ಚೌರಿ ಕಟ್ಟಿಕೊಳ್ಳುತ್ತ ನನ್ನ ತಲೆ ನೋಡಿ, "ನಿನ್ನ ಕೂದ್ಲು ಭಾಳ ಚೆಂದಾಗೈತೆ ಕಣಪ್ಪ, ಯಾವ ಎಣ್ಣೆ ಹಚ್ತೀಯಾ?" ಎಂದು ಕೇಳಿದಳು. ಕೊಬ್ಬರಿ ಎಣ್ಣೆ ಎಂದು ಸುಳ್ಳು ಹೇಳಿದೆ. ಅಂಥ ಸುಳ್ಳು ಯಾರಿಗೂ ತೊಂದರೆ ಮಾಡುವುದಿಲ್ಲವೆಂದು ಆಗ ನಂಬಿದ್ದೆ.

ಇನ್ನು ಹಿರಿಯೂರಿನ ವಿಷಯ. ಇದನ್ನು ಹೇಳಬೇಕೆಂದೇ ಇಷ್ಟು ಬರೆದದ್ದು.

ಅಲ್ಲಿ ನನ್ನ ಮೇಲಿನವರು ಡಾ. ಸರೋಜಮ್ಮ. ಗಟ್ಟಿ ಹೆಂಗಸು, ಮಾತು ಕಡಿಮೆ. ಫಿಲ್ಮಿನಲ್ಲಿ ಎಲ್ಲಿಯಾದರೂ ಕಾರಣವಿಲ್ಲದ ಬಿಳಿ ಕಂಡರೆ ಬಿಡುತ್ತಿರಲಿಲ್ಲ. ಎಕ್ಸ್-ರೇಯಲ್ಲಿ ಲೋಹ ಅಚ್ಚ ಬಿಳಿಯಾಗಿ ಕಾಣುತ್ತದೆ, ಮೂಳೆಯ ಬಿರುಕು ತೆಳುವಾದ ಕಪ್ಪು ಗೆರೆಯಾಗಿ ಕಾಣುತ್ತದೆ. "ಬಿಳೀದು ಕರೀದನ್ನ ಮುಚ್ಚಿಬಿಡುತ್ತೆ ತಿಪ್ಪೇಸ್ವಾಮಿ. ಒಂದು ಪಿನ್ನು ಬಿಟ್ರೂ ಒಂದು ಜೀವ ಬಿಟ್ಟ ಹಂಗೆ" ಎಂದು ನಾನು ಸೇರಿದ ದಿನವೇ ಆಕೆ ಹೇಳಿದ್ದರು. ನಾನು ತಲೆಯಾಡಿಸಿದ್ದೆ.

ಯುಗಾದಿ ಹಬ್ಬದ ಬೆಳಿಗ್ಗೆ. ಆದಿವಾಲದಿಂದ ಒಬ್ಬ ಯುವಕನನ್ನು ಓಮ್ನಿ ವ್ಯಾನಿನಲ್ಲಿ ಕರೆತಂದರು. ಬೈಕಿನಿಂದ ಬಿದ್ದಿದ್ದ. ಹುಬ್ಬು ಸೀಳಿತ್ತು, ಬಲಭುಜಕ್ಕೆ ಪೆಟ್ಟಾಗಿ ಕೈ ಎತ್ತಲು ಆಗುತ್ತಿರಲಿಲ್ಲ. ಮಾತು ನೆಟ್ಟಗಿತ್ತು. ಹೆಸರು ರಂಗಸ್ವಾಮಿ ಅನ್ನೋಣ. ಹೊಸದುರ್ಗದಲ್ಲಿ ಬಟ್ಟೆ ಅಂಗಡಿ, ಮದುವೆಯಾಗಿ ಎರಡು ತಿಂಗಳು, ಮೊದಲ ಹಬ್ಬಕ್ಕೆ ಮಾವನ ಮನೆಗೆ ಬಂದಿದ್ದ. ಕರೆತಂದವರು ಆ ಮಾವ ಚಿತ್ತಪ್ಪ, ಅರವತ್ತು ದಾಟಿದ ರೈತ. ಸರೋಜಮ್ಮ ಹುಬ್ಬಿಗೆ ಹೊಲಿಗೆ ಹಾಕಿ, ತಲೆ ಮುಟ್ಟಿ ನೋಡಲು ಕೈ ಚಾಚಿದರೆ ಆತ ಹಿಂದಕ್ಕೆ ಸರಿದನಂತೆ. "ಅಲ್ಲೇನೂ ಪೆಟ್ಟಾಗಿಲ್ಲ ಮೇಡಂ, ಭುಜ ಅಷ್ಟೇ." ಹೊರಗೆ ಇನ್ನಿಬ್ಬರು ಗಾಯಾಳುಗಳಿದ್ದರು. ಯಾವುದಕ್ಕೂ ಇರಲೆಂದು ತಲೆ ಮತ್ತು ಭುಜದ ಎಕ್ಸ್-ರೇ ಬರೆದು ನನ್ನ ಬಳಿಗೆ ಕಳಿಸಿದರು.

ಟೇಬಲ್ಲಿನ ಮೇಲೆ ಮಲಗಿಸಿ ತಲೆ ತಿರುಗಿಸಲು ಕೈಯಿಟ್ಟ ಕ್ಷಣ ನನಗೆ ಗೊತ್ತಾಯಿತು. ಕೈಗೆ ತಾಕಿದ್ದು ತಲೆಯಲ್ಲ, ಜಾಲರಿ. ಬೆರಳ ತುದಿಗೆ ಕ್ಲಿಪ್ಪು ಸಿಕ್ಕಿತು. ನನಗೆ ನನ್ನದೇ ತಲೆ ಮುಟ್ಟಿದಂತಾಯಿತು. ಆತ ನನ್ನ ಮಣಿಕಟ್ಟು ಹಿಡಿದುಕೊಂಡ.

"ಸಾರ್, ನಿಮ್ ಕಾಲಿಗ್ ಬೀಳ್ತೀನಿ, ತೆಗೆಸ್ಬ್ಯಾಡ್ರಿ. ಹೊರಗೆ ಮಾವ್ನೋರು ಅದಾರೆ. ಇವತ್ತು ಹಬ್ಬಕ್ಕೆ ಅಳಿಯಂಗೆ ಎಣ್ಣೆ ನೀರು ಅಂತ ಬಾಮೈದ ಹರಳೆಣ್ಣೆ ಕಾಸಿಟ್ಕಂಡು ಕುಂತಿದ್ದ. ಏನೋ ನೆಪ ಹೇಳಿ ಬೈಕ್ ತಗಂಡ್ ಓಡಿ ಬಂದೆ, ಅದ್ಕೇ ಬಿದ್ದೆ."

"ಹೆಂಡತಿಗೆ?"

"ಆಕೆಗೆ ಗೊತ್ತೈತೆ. ಆದ್ರೆ ಮದ್ವೆ ಮಾತುಕತೇಲಿ ಅವ್ರಪ್ಪಂಗೆ ಹೇಳ್ಲಿಲ್ಲ. ಈಗ ತಿಳಿದ್ರೆ ಮೋಸ ಮಾಡಿದ ಅಂತಾರೆ. ಆಕೆ ಮುಖ ಎತ್ಕಂಡು ತವರಿಗೆ ಬರಂಗಿರಲ್ಲ. ಕಿತ್ರೆ ಮತ್ತೆ ಕೂರ್ಸಾಕೆ ಈ ಕೈಲಿ ಆಗಲ್ಲ ಸಾರ್."

ವಿಗ್ಗಿನ ಗಂಧಗಾಳಿ ಇಲ್ಲದ ಬೇರೆ ಯಾರಾದರೂ ಆಗಿದ್ದರೆ, "ಬಾಯಿ ಮುಚ್ಕಂಡು ತೆಗಿಯಪ್ಪ, ಆಮೇಲೆ ಹಾಕ್ಕಂಡ್ರಾತು" ಅನ್ನುತ್ತಿದ್ದರು. ಒಂದು ಜೀವ ಸುಲಭವಾಗಿ ಉಳಿಯುತ್ತಿತ್ತು. ನನಗೆ ಎಲ್ಲ ಗೊತ್ತಿತ್ತು, ಅದೇ ಮುಳುವಾಯಿತು. ಅದನ್ನು ಸರಿಯಾಗಿ ಕೂರಿಸಲು ಕನ್ನಡಿ ಬೇಕು, ಎರಡು ಕೈ ಬೇಕು, ಇಪ್ಪತ್ತು ನಿಮಿಷ ಬೇಕು. ನಮ್ಮ ಕೋಣೆಯಲ್ಲಿ ಕನ್ನಡಿ ಇರಲಿಲ್ಲ. ಸೊಟ್ಟಗೆ ಕೂರಿಸಿಕೊಂಡು ಹೊರಗೆ ಹೋದರೆ ಮಾವನ ಕಣ್ಣಿಗೆ ಬೀಳದೆ ಇರುವುದಿಲ್ಲ. ನಾನು ಕೂರಿಸಿಕೊಡುತ್ತೇನೆ ಎನ್ನಬಹುದಿತ್ತು. ಹಾಗೆಂದರೆ ನಿಮಗೆ ಹೇಗೆ ಬರುತ್ತದೆ ಎಂದು ಕೇಳುತ್ತಾನೆ. ಆ ಭಯಕ್ಕೆ ನಾನು ಬಾಯಿ ಬಿಡಲಿಲ್ಲ. ಕ್ಲಿಪ್ಪುಗಳ ಸಮೇತ ಫೋಟೊ ತೆಗೆದೆ.

ನೀರಿಳಿಯುತ್ತಿದ್ದ ಹಸಿ ಫಿಲ್ಮನ್ನೇ ಸರೋಜಮ್ಮ ಬೆಳಕಿಗೆ ಹಿಡಿದರು. ಅವಸರ ಇದ್ದಾಗ ಹಾಗೆ ನೋಡುವುದು ವಾಡಿಕೆ. ಎಲ್ಲಕ್ಕಿಂತ ಎದ್ದು ಕಂಡದ್ದು ಕಿವಿಯ ಮೇಲ್ಗಡೆ, ಕಣತಲೆಯ ಹತ್ತಿರ ಒಂದು ಬಿಳಿ ಬಾಚಣಿಗೆಯಂಥ ಗುರುತು.

"ಇದೇನು? ಗಂಡಸಿಗೆ ಹೇರ್‌ಪಿನ್ ಎಲ್ಲಿಂದ ಬಂತು?"

ನನ್ನ ಬಾಯಿಂದ ಉತ್ತರ ತಾನಾಗಿ ಬಂತು. "ಕ್ಯಾಸೆಟ್ ಹಳೇದಾಗೈತೆ ಮೇಡಂ. ಒಳಗಿನ ಸ್ಕ್ರೀನ್ ಕಿತ್ತೈತೆ, ಅದರ ಕಲೆ."

ನಮ್ಮ ಕ್ಯಾಸೆಟ್ಟುಗಳು ನಿಜವಾಗಿಯೂ ಹಳೆಯವು, ಫಿಲ್ಮಿಗೆ ಒತ್ತಿ ಕೂರುವ ಸ್ಕ್ರೀನಿನ ಹಾಳೆ ಅಲ್ಲಲ್ಲಿ ಸವೆದಿತ್ತು. ಹೊಸದು ತರಿಸಿ ಎಂದು ನಾನೇ ಮೂರು ಸಲ ಬರೆದುಕೊಟ್ಟಿದ್ದೆ. ಆಕೆ ನಂಬಿದರು. ನನ್ನನ್ನು ನಂಬದಿರಲು ಆಕೆಗೆ ಯಾವ ಕಾರಣವೂ ಇರಲಿಲ್ಲ. ಭುಜಕ್ಕೆ ಪಟ್ಟಿ ಕಟ್ಟಿ, ವಾಂತಿಯಾದರೆ ಕೂಡಲೇ ಬನ್ನಿ ಎಂದು ಹೇಳಿ ಕಳಿಸಿಬಿಟ್ಟರು. ಹೋಗುವಾಗ ರಂಗಸ್ವಾಮಿ ನನ್ನ ಕಡೆ ತಿರುಗಿ ಕಣ್ಣಲ್ಲೇ ಕೈಮುಗಿದ. ಏನೋ ಪುಣ್ಯ ಕಟ್ಟಿಕೊಂಡೆನೆಂದು ನನಗೆ ಒಳಗೊಳಗೇ ಹಿಗ್ಗು.

ಒಂದೂವರೆ ಗಂಟೆ ಕಳೆದು, ಒಣಗಿದ ಫಿಲ್ಮುಗಳನ್ನು ಕವರಿಗೆ ಹಾಕುತ್ತಿದ್ದೆ. ಹಸಿಯಲ್ಲಿ ಕಾಣದ ಸೂಕ್ಷ್ಮಗಳು ಒಣಗಿದ ಮೇಲೆ ಕಾಣುತ್ತವೆ. ಅಭ್ಯಾಸಬಲದಿಂದ ರಂಗಸ್ವಾಮಿಯ ಫಿಲ್ಮನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿದೆ. ಬಿಳಿ ಕ್ಲಿಪ್ಪಿನ ಕೆಳಗಿನ ಅಂಚಿನಿಂದ ಕೂದಲೆಳೆಯಷ್ಟು ಕಪ್ಪು ಗೆರೆಯೊಂದು ಹೊರಟಿತ್ತು. ಮೇಲಿನ ಅಂಚಿನಿಂದಲೂ ಅದೇ ಗೆರೆ ಹೊರಬಂದು ಮುಂದಕ್ಕೆ ಹೋಗಿತ್ತು. ನಡುವಿನದನ್ನೆಲ್ಲ ಕ್ಲಿಪ್ಪು ನುಂಗಿತ್ತು. ತಲೆಬುರುಡೆ ಒಡೆದಿತ್ತು, ಅದೂ ಕಣತಲೆಯಲ್ಲಿ. ಅಲ್ಲಿ ಮೂಳೆ ತೆಳು, ಅದರ ಒಳಮೈಗೆ ರಕ್ತನಾಳ ಅಂಟಿಕೊಂಡಿರುತ್ತದೆ. ಅದು ಹರಿದರೆ ಮನುಷ್ಯ ಮೂರು ನಾಲ್ಕು ಗಂಟೆ ಚೆನ್ನಾಗಿಯೇ ಮಾತಾಡಿಕೊಂಡಿದ್ದು, ಆಮೇಲೆ ನಿದ್ದೆ ಬಂದಂತಾಗಿ ಮಲಗಿ, ಏಳುವುದೇ ಇಲ್ಲ.

ಫಿಲ್ಮು ಹಿಡಿದು ಸರೋಜಮ್ಮನ ಮುಂದೆ ಹೋಗಿ, "ಕಲೆ ಸ್ಕ್ರೀನಿಂದಲ್ಲ ಮೇಡಂ. ವಿಗ್ ಕ್ಲಿಪ್ಪು. ಗೊತ್ತಿದ್ದೂ ಸುಳ್ಳು ಹೇಳಿದೆ" ಎಂದೆ. ಆಕೆ ಫಿಲ್ಮು ನೋಡಿದರು. ನನ್ನನ್ನು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಯಾಕೆ ಹೇಳಿದ್ರಿ?"

ಆಗಲೂ ನನ್ನ ಕೈ ತಲೆಯ ಮೇಲಿತ್ತು ಎಂಬುದು ಆಮೇಲೆ ನೆನಪಾಯಿತು.

"ಹೋಗಿ ಕರ್ಕಂಡು ಬನ್ನಿ. ಅವನು ಬರಲಿಲ್ಲ ಅಂದ್ರೆ ನೀವೂ ವಾಪಸ್ ಬರಬೇಡಿ."

ಮೊಬೈಲು ಇನ್ನೂ ಎಲ್ಲರ ಕೈಗೆ ಬಂದಿರದ ಕಾಲ. ರಿಜಿಸ್ಟರಿನಲ್ಲಿ ಊರಿನ ಹೆಸರು, ಮಾವನ ಹೆಸರು ಇಷ್ಟೇ ಇತ್ತು. ನನ್ನ ಟಿವಿಎಸ್ ಮೊಪೆಡ್ ಹತ್ತಿ ಆದಿವಾಲಕ್ಕೆ ಓಡಿದೆ. ಮನೆ ಮುಂದೆ ಮಾವಿನ ತೋರಣ, ಒಳಗೆ ಹೋಳಿಗೆ ವಾಸನೆ, ನೆಂಟರು. ಚಿತ್ತಪ್ಪ ಎದ್ದು ನಿಂತು, "ಬರ್ರಿ ಬರ್ರಿ, ಕುಂತ್ಕಳ್ರಿ, ಹಬ್ಬದ ದಿನ ಬಂದೀರಿ" ಎಂದರು.

"ಕೂರಾಕೆ ಟೈಮಿಲ್ಲ ಯಜಮಾನ್ರೆ. ನಿಮ್ಮ ಅಳಿಯನ್ನ ಈಗಿಂದೀಗ್ಲೇ ಕಳಿಸ್ರಿ. ಫೋಟೋದಾಗೆ ನಂದು ತಪ್ಪಾಗೈತೆ. ತಲೆಗೆ ಪೆಟ್ಟು ಬಿದ್ದೈತೆ."

"ಡಾಕ್ಟ್ರಮ್ಮನೇ ಏನಿಲ್ಲ ಅಂದ್ರಲ್ರಿ? ಬೇವು ಬೆಲ್ಲ ತಿಂದಿದ್ದು ಒಂದ್ಸಲ ವಾಂತಿ ಮಾಡ್ಕಂಡ. ಈಗ ನಿದ್ದೆ ಹತ್ತೈತೆ, ಮಲಗ್ಲಿ ಬಿಡ್ರಿ."

ನಿದ್ದೆ ಎಂಬ ಮಾತು ಕೇಳಿದ್ದೇ ತಡ, ಯಾರನ್ನೂ ಕೇಳದೆ ಒಳಮನೆಗೆ ನುಗ್ಗಿದೆ. ರಂಗಸ್ವಾಮಿ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದ. ಕೂಗಿದಾಗ ಕಷ್ಟಪಟ್ಟು ಕಣ್ಣು ತೆರೆದ. ನನ್ನನ್ನು ಕಂಡವನೇ ಎಡಗೈಯಿಂದ ತಲೆ ಅದುಮಿ ಹಿಡಿದುಕೊಂಡ.

"ಇವ್ರನ್ನ ಯಾಕ್ ಕರ್ಸಿದ್ರಿ? ನಂಗೇನೂ ಆಗಿಲ್ಲ. ಕಳಿಸ್ರಿ ಇವ್ರನ್ನ. ಕಳಿಸ್ರೀ!"

ಬಾಗಿಲಲ್ಲಿ ನಿಂತಿದ್ದವರೆಲ್ಲ ನನ್ನನ್ನು ದುರುಗುಟ್ಟಿ ನೋಡಿದರು. ನಾನು ಬೆಚ್ಚಿಬಿದ್ದೆ. ನಾನು ಬಂದಿರುವುದು ಗುಟ್ಟು ರಟ್ಟು ಮಾಡಲು ಎಂದು ಅವನು ತಿಳಿದಿದ್ದ. ತಲೆಯೊಳಗೆ ರಕ್ತ ತುಂಬುತ್ತಿದ್ದರೂ ಕಾಪಾಡಲು ಬಂದವನನ್ನೇ ಆಚೆ ಅಟ್ಟುತ್ತಿದ್ದ. ಸಾಯುವುದಕ್ಕಿಂತ ಅವನಿಗೆ ಆ ಭಯವೇ ದೊಡ್ಡದಾಗಿತ್ತು. ಅವನ ಜಾಗದಲ್ಲಿದ್ದರೆ ನಾನೂ ಹಾಗೆಯೇ ಮಾಡುತ್ತಿದ್ದೆ ಎಂದು ಹೊಳೆದು ಇನ್ನಷ್ಟು ಹೆದರಿದೆ.

ಅವನ ಹೆಂಡತಿ ಮಂಚದ ತಲೆಯ ಕಡೆ ನಿಂತಿದ್ದಳು. ಮುಖ ಬಿಳಿಚಿಕೊಂಡಿತ್ತು. "ಒಂದು ನಿಮಿಷ ನಮ್ಮಿಬ್ಬರನ್ನೇ ಬಿಡವ್ವ" ಎಂದೆ. ಅವಳಿಗೆ ಅರ್ಥವಾಯಿತು. ಎಲ್ಲರನ್ನೂ ಹೊರಗೆ ಕಳಿಸಿ ತಾನೂ ಹೋಗಿ ಬಾಗಿಲು ಎಳೆದುಕೊಂಡಳು.

ನಾನು ಅವನ ಕಣ್ಣೆದುರಿಗೆ ಕೂತು ಒಂದೊಂದಾಗಿ ನಾಲ್ಕೂ ಕ್ಲಿಪ್ಪು ಬಿಚ್ಚಿದೆ. ವಿಗ್ಗು ತೆಗೆದು ಮಂಚದ ಮೇಲಿಟ್ಟೆ. ಹೆಂಡತಿಯನ್ನು ಬಿಟ್ಟರೆ ಅಷ್ಟು ವರ್ಷದಲ್ಲಿ ಇನ್ನೊಬ್ಬ ಮನುಷ್ಯನ ಎದುರು ಹಾಗೆ ಕೂತದ್ದು ಅದೇ ಮೊದಲು. ರಂಗಸ್ವಾಮಿ ಬಾಯಿ ತೆರೆದು ನೋಡಿದ.

"ಸಾರ್... ನಿಮ್ದೂನಾ?"

"ಹ್ಞೂಂ ಕಣಪ್ಪ. ನಿನ್ನ ತೆಗಿ ಅನ್ನಾಕೆ ನಂಗೆ ಧೈರ್ಯ ಬರ್ಲಿಲ್ಲ. ನಿನ್ನ ತಲೆಬುರುಡೆ ಒಡೆದೈತೆ, ಕ್ಲಿಪ್ಪಿನ ಕೆಳಗೆ ಮುಚ್ಚಿಹೋಗಿತ್ತು. ಈಗ ಏಳಲಿಲ್ಲ ಅಂದ್ರೆ ನೀನು ಉಳಿಯಲ್ಲ. ನಿನ್ನ ಹೆಂಡತಿ ಮುಖ ನೋಡು."

"ಮಾವ್ನೋರಿಗೆ..."

"ನನ್ನ ಬಾಯಿಂದ ಒಂದು ಮಾತು ಬಂದ್ರೆ ಕೇಳು."

ಅವನು ಏಳಲು ನೋಡಿದ. ಕಾಲು ನಿಲ್ಲಲಿಲ್ಲ, ನನ್ನ ಮೇಲೆಯೇ ಕುಸಿದ. ಕೂಗಿದೆ. ಚಿತ್ತಪ್ಪ, ಬಾಮೈದ ಓಡಿಬಂದು ಎತ್ತಿಕೊಂಡರು. ನನ್ನ ವಿಗ್ಗು ಹಾಕಿಕೊಳ್ಳಲು ಕನ್ನಡಿಯೂ ಇಲ್ಲ, ಹೊತ್ತೂ ಇಲ್ಲ. ಅದನ್ನು ಅಲ್ಲೇ ಬಿಟ್ಟು ಬರಿ ತಲೆಯಲ್ಲಿ ಓಮ್ನಿ ಹತ್ತಿದ್ದು, ಗಾಳಿ ನೆತ್ತಿಗೆ ಬಡಿದಾಗಲೇ ನನಗೆ ಅರಿವಾಯಿತು. ಎದುರಿಗೆ ಕೂತಿದ್ದ ಚಿತ್ತಪ್ಪ ನನ್ನ ತಲೆಯನ್ನೊಮ್ಮೆ ನೋಡಿ, ಅಳಿಯನ ಕಡೆ ತಿರುಗಿಕೊಂಡರು. ಬಾಮೈದ ಮಾತ್ರ ಕಣ್ಣು ಕೀಳಲಿಲ್ಲ.

ಹಿರಿಯೂರಿನಲ್ಲಿ ಸರೋಜಮ್ಮ ಬಾಗಿಲಲ್ಲೇ ಕಾಯುತ್ತಿದ್ದರು. ನನ್ನ ಬೋಳು ತಲೆ ನೋಡಿದರು. ಅವರು ಕೇಳಿದ್ದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಮರುಗಳಿಗೆ ಇಂಜೆಕ್ಷನ್ ಕೊಟ್ಟು, ಚೀಟಿ ಬರೆದು, ಆಂಬುಲೆನ್ಸಿಗೆ ಹತ್ತಿಸಿ, "ದುರ್ಗಕ್ಕೆ ಫೋನ್ ಮಾಡಿದೀನಿ, ಸರ್ಜನ್ ರೆಡಿ ಇದಾರೆ. ಫಿಲ್ಮು ನೀವೇ ಕೈಯಾರೆ ಕೊಡಿ, ನೀವೇ ವಿವರಿಸಿ" ಎಂದರು. ಕೊಟ್ಟೆ, ವಿವರಿಸಿದೆ. ಆ ಸರ್ಜನ್ ಒಂದೇ ನೋಟಕ್ಕೆ, ಇನ್ನೊಂದು ಗಂಟೆ ತಡವಾಗಿದ್ದರೆ ಆಪರೇಷನ್ನಿಗೆ ಕೈಹಾಕುತ್ತಲೇ ಇರಲಿಲ್ಲ ಎಂದರು.

ಆಪರೇಷನ್ ಕೋಣೆಯ ಹೊರಗೆ ನಾವು ನಾಲ್ಕೈದು ಜನ ನಿಂತಿದ್ದೆವು. ಬಾಗಿಲು ತೆರೆದು ಸಿಸ್ಟರ್ ಬಂದಳು. ಕೈಯಲ್ಲಿ ಸ್ಟೀಲಿನ ಟ್ರೇ. ಅದರಲ್ಲಿ ವಾಚು, ಉಡಿದಾರ, ಮತ್ತೆ ಅದು.

"ರಂಗಸ್ವಾಮಿ ಕಡೆಯವರು ಯಾರ್ರಿ? ಇವನ್ನ ತಗಳ್ರಿ. ಈ ವಿಗ್ಗು..."

ನಾನು ಮುಂದೆ ಹಾರಿದೆ. "ಅದು ನಂದು ಸಿಸ್ಟರ್. ಎತ್ತಿ ಮಲಗ್ಸೋವಾಗ ಅವನ ಮ್ಯಾಲೆ ಬಿದ್ದಿರ್ಬೇಕು."

ಸಿಸ್ಟರ್ ಬಾಯಿ ತೆರೆದಳು. ನನ್ನ ಬೋಳು ನೋಡಿದಳು, ಕಣ್ಣು ನೋಡಿದಳು, ಬಾಯಿ ಮುಚ್ಚಿಕೊಂಡಳು. ನಾನು ಅದನ್ನು ಎತ್ತಿ ಎಲ್ಲರೆದುರಿಗೇ ತಲೆಯ ಮೇಲಿಟ್ಟುಕೊಂಡೆ. ನನಗೆ ಚಿಕ್ಕದು, ಬೈತಲೆ ಬೇರೆ ಇನ್ನೊಂದು ಕಡೆಗೆ. ಬಾಮೈದ ನಗು ತಡೆಯಲಾರದೆ ಗೋಡೆ ಕಡೆ ತಿರುಗಿದ. ಇನ್ನೊಬ್ಬ ನೆಂಟ, "ಲೇ, ಸುಮ್ನಿರಲೇ" ಎನ್ನುತ್ತ ತಾನೂ ನಕ್ಕ. ಇಡೀ ಆಯುಷ್ಯ ನಾನು ಯಾವ ನಗುವಿಗೆ ಹೆದರಿದ್ದೆನೋ ಅದೇ ನಗು. ಕಿವಿ ಬಿಸಿಯಾಯಿತು, ಕಣ್ಣಲ್ಲಿ ನೀರು ಬಂತು. ಆದರೂ ನಿಂತೆ.

ಬಾಮೈದ, ನೆಂಟರು ಚಹಾಕ್ಕೆ ಹೋದ ಮೇಲೆ ಚಿತ್ತಪ್ಪ ಬಂದು ನನ್ನ ಪಕ್ಕ ಬೆಂಚಿನ ಮೇಲೆ ಕೂತರು. ಬಾಗಿಲನ್ನೇ ನೋಡುತ್ತ, ನನ್ನ ಕಡೆ ತಿರುಗದೆ ಮೆಲ್ಲಗೆ ಹೇಳಿದರು.

"ನಿಮ್ದು ನಮ್ಮನೆ ಮಂಚದ ಮ್ಯಾಲೆ ಐತಲ್ರಿ ಸಾಹೇಬ್ರೆ. ಅಳಿಯನ್ನ ಎತ್ತೋವಾಗ ನೋಡಿದೆ."

ತಲೆಯ ಮೇಲಿದ್ದುದನ್ನು ತೆಗೆದು ಎರಡೂ ಕೈಯಲ್ಲಿ ಹಿಡಿದುಕೊಂಡೆ.

"ಯಜಮಾನ್ರೆ, ಅವ್ನು ಮೋಸ ಮಾಡ್ಬೇಕು ಅಂತ..."

"ಅದೆಲ್ಲ ಇರ್ಲಿ ಬಿಡ್ರಿ" ಎಂದು ಅವರು ತಡೆದರು. "ಆ ಮಗ ಎಣ್ಣೆ ನೀರಿಗೆ ಹೆದರ್ಕಂಡು ನನ್ನ ಮನೆಯಿಂದ ಓಡಿಹೋಗಿ ಬಿದ್ದಾನಲ್ರಿ. ಒಂದು ಕೆಲ್ಸ ಮಾಡ್ರಿ. ನಂಗೆ ಗೊತ್ತಾತು ಅಂತ ಅವಂಗೆ ಹೇಳ್ಬ್ಯಾಡ್ರಿ. ಗೊತ್ತಾದ್ರೆ ಇನ್ನು ನಮ್ಮ ಹೊಸ್ತಿಲು ತುಳಿಯಲ್ಲ ಅವ್ನು."

ನಾನು ಹ್ಞೂಂ ಎಂದೆ.

ರಂಗಸ್ವಾಮಿ ಉಳಿದ. ಆಪರೇಷನ್ನಿಗೆ ಹೇಗೂ ತಲೆ ಬೋಳಿಸುತ್ತಾರೆ, ಹಾಗಾಗಿ ಅವನ ಬೋಳು ಉಳಿದವರಿಗೆ ವಿಶೇಷವೆನಿಸಲಿಲ್ಲ. ಮರುದಿನ ಚಿತ್ತಪ್ಪ ನನ್ನ ವಿಗ್ಗನ್ನು ಒಗೆದ ಟವೆಲಿನಲ್ಲಿ ಸುತ್ತಿ, ಮೇಲೆ ನಾಲ್ಕು ಹೋಳಿಗೆ ಇಟ್ಟು ಕಳಿಸಿದ್ದರು. ನಾನು ಅಂದಿನಿಂದ ಬದಲಾದೆ ಎಂದು ಬರೆದರೆ ಸುಳ್ಳಾಗುತ್ತದೆ. ಮುಂದಿನ ವಾರವೇ ಅದನ್ನು ಮತ್ತೆ ಹಾಕಿಕೊಂಡೆ, ನಿವೃತ್ತಿಯವರೆಗೂ ಹಾಕಿಕೊಂಡೆ. ಸರೋಜಮ್ಮ ಎಂದೂ ನನ್ನ ತಲೆಯ ಕಡೆ ನೋಡಲಿಲ್ಲ. ಆದರೆ ಎಕ್ಸ್-ರೇ ಕೋಣೆಗೆ ಒಂದು ದೊಡ್ಡ ಕನ್ನಡಿ ತರಿಸಿ ಹಾಕಿಸಿದರು, ಒಳಗಿನಿಂದ ಅಗುಳಿಯನ್ನೂ ಹಾಕಿಸಿದರು. ಹೊಸದಾಗಿ ಬರುವ ಮಕ್ಕಳೇ, ನಿಮ್ಮ ಕೋಣೆಯಲ್ಲಿ ಕನ್ನಡಿ ಇಲ್ಲದಿದ್ದರೆ ಇಂದೇ ಹಾಕಿಸಿ. ತೆಗೆದಿಡಿ ಎಂದು ಹೇಳುವುದು ಸುಲಭ. ಮತ್ತೆ ಹಾಕಿಕೊಳ್ಳಲು ಜಾಗ ಮತ್ತು ಹೊತ್ತು ಕೊಡದಿದ್ದರೆ ಮಾನವಂತರು ಯಾರೂ ತೆಗೆಯುವುದಿಲ್ಲ.

ಮೂರು ತಿಂಗಳ ಮೇಲೆ ಮತ್ತೊಮ್ಮೆ ಫೋಟೊ ತೆಗೆಸಲು ಮಾವ ಅಳಿಯ ಇಬ್ಬರೂ ಬಂದರು. ರಂಗಸ್ವಾಮಿ ಅವತ್ತೂ ವಿಗ್ಗು ಹಾಕಿಕೊಂಡೇ ಬಂದಿದ್ದ, ದುರ್ಗದಿಂದ ನಾನು ತಂದು ತೊಳೆದು ಅವನ ಹೆಂಡತಿಯ ಕೈಗೆ ಕಳಿಸಿದ್ದನ್ನೇ. ಈ ಸಲ ನಾನು ಹೇಳುವ ಮೊದಲೇ ಅಗುಳಿ ಹಾಕಿ ತೆಗೆದಿಟ್ಟ. ಹೊಲಿಗೆಯ ಗುರುತು ಕಿವಿಯ ಮೇಲೆ ಕುದುರೆಯ ಲಾಳದ ಆಕಾರಕ್ಕಿತ್ತು. ಫಿಲ್ಮು ಸ್ವಚ್ಛವಾಗಿ ಬಂತು, ಎಲ್ಲಿಯೂ ಕಾರಣವಿಲ್ಲದ ಬಿಳಿ ಇಲ್ಲ. ಆಮೇಲೆ ಅವನು ಕನ್ನಡಿಯ ಮುಂದೆ ನಿಂತ. ಬಲಗೈ ಇನ್ನೂ ಪೂರ್ತಿ ಎತ್ತಲು ಬರುತ್ತಿರಲಿಲ್ಲ, ಆದ್ದರಿಂದ ಹಿಂದಿನ ಎರಡು ಕ್ಲಿಪ್ಪು ನಾನು ಹಾಕಿಕೊಟ್ಟೆ.

ಹೊರಗಿನಿಂದ ಯಾರೋ ರೋಗಿ, "ಎಷ್ಟೊತ್ರಿ ಇವ್ರದು? ಬಾಗಿಲು ತೆಗೀರಿ" ಎಂದು ಕೂಗಿದರು. ಅದರ ಹಿಂದೆಯೇ ಚಿತ್ತಪ್ಪನ ದನಿ ಗಟ್ಟಿಯಾಗಿ ಕೇಳಿಸಿತು. "ತಡೀರಪ್ಪ, ಏನವಸರ? ತಲೆ ಫೋಟೋ ಅಂದ್ರೆ ಭಾಳ ಹೊತ್ತು ಹಿಡಿತತೆ. ನಿಧಾನಕ್ಕಾಗ್ಲಿ."

ರಂಗಸ್ವಾಮಿ ಕನ್ನಡಿಯಲ್ಲಿ ನನ್ನ ಮುಖ ನೋಡಿ ದನಿ ತಗ್ಗಿಸಿದ. "ಸಾರ್, ಅವತ್ತು ಮಾವ್ನೋರಿಗೆ ಏನೂ ಗೊತ್ತಾಗ್ಲಿಲ್ಲ ಅಲ್ವಾ?"

"ಇಲ್ಲ ಕಣಪ್ಪ" ಎಂದೆ. "ಅವ್ರಿಗೇನೂ ಗೊತ್ತಿಲ್ಲ."